ರೋಬೋಟ್‌ ನಮ್ಮನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬೇಕು?

2021ರ ಸೆಪ್ಟೆಂಬರ್‌ನಲ್ಲಿ ಸಿಂಗಪುರದ ಟೋವಾ ಪಾಯೋ ಪೇಟೆಯಲ್ಲಿ ‘ಕ್ಸೇವಿಯರ್’ ಎಂಬ ಎರಡು ಗಸ್ತು ರೋಬೋಟ್‌ಗಳನ್ನು ಮೂರು ವಾರಗಳ ಪ್ರಯೋಗಕ್ಕೆ ಇಳಿಸಲಾಯಿತು. ನಿಷೇಧಿತ ಜಾಗದಲ್ಲಿ ಸಿಗರೇಟು ಸೇದುವವರು, ಪರವಾನಗಿಯಿಲ್ಲದ ಬೀದಿ ವ್ಯಾಪಾರಿಗಳು, ಕೋವಿಡ್ ನಿಯಮ ಮೀರಿ ಗುಂಪುಗೂಡಿದವರು ಕಂಡರೆ ಕಂಟ್ರೋಲ್ ರೂಮಿಗೆ ಸುದ್ದಿ ಮುಟ್ಟಿಸುವುದು ಅವುಗಳ ಕೆಲಸ. ಇಂಥ ಯಂತ್ರ ಕಂಡಾಗ ನಮ್ಮ ಆತಂಕವೆಲ್ಲ ಅದರ ಕ್ಯಾಮೆರಾದ ಮೇಲಿರುತ್ತದೆ. ಕಾನೂನಿನ ಕಡಿವಾಣ ಬೀಳಬೇಕಾದದ್ದು ಅದರ ನೆನಪಿನ ಮೇಲೆ ಎಂಬುದು ನನ್ನ ವಾದ.

ಜನರ ನಡುವೆ ಓಡಾಡುವ ರೋಬೋಟ್‌ಗೆ ನಡೆಯುವವರನ್ನು ಗಮನಿಸದೆ ಗತಿಯಿಲ್ಲ. ಅದು ಬಿಟ್ಟ ಲೇಸರ್ ಕಿರಣ ಎದುರಿನವರ ಕಾಲಿಗೆ ಬಡಿದು ಮರಳುತ್ತದೆ. ಯಾರು ಎಲ್ಲಿದ್ದಾರೆ, ಎತ್ತ ಎಷ್ಟು ಬೇಗ ಹೊರಟಿದ್ದಾರೆ ಎಂಬುದನ್ನು ಕಾಲ್ಮನ್ ಫಿಲ್ಟರ್‌ನಂಥ ಲೆಕ್ಕಾಚಾರ ಕ್ಷಣಕ್ಷಣಕ್ಕೂ ಅಂದಾಜಿಸುತ್ತದೆ. ಒಬ್ಬರು ಇನ್ನೊಬ್ಬರ ಹಿಂದೆ ಮರೆಯಾದರೆ ಆ ಲೆಕ್ಕ ತಪ್ಪುತ್ತದೆ, ಬೇರೆ ಕೋನದಲ್ಲಿರುವ ಜೊತೆಗಾರ ಯಂತ್ರ ಅದನ್ನು ತುಂಬಿಕೊಡುತ್ತದೆ. ತಂಡವೇ ಬೇಕು ಎಂಬ ಎಂಜಿನಿಯರ್‌ಗಳ ಮಾತು ಆದ್ದರಿಂದ ಸರಿಯೇ. ಮಗುವೊಂದಕ್ಕೆ ಡಿಕ್ಕಿ ಹೊಡೆಯದಿರುವುದು ಸಣ್ಣ ವಿಷಯವಲ್ಲ. ಆದರೆ ಅದಕ್ಕೆ ಕೆಲವು ಸೆಕೆಂಡುಗಳ ನೆನಪು ಸಾಕು. ಬಸ್ ನಿಲ್ದಾಣದಲ್ಲಿ ಒಂದು ರೋಬೋಟ್ ಕಂಡ ವ್ಯಕ್ತಿಯನ್ನು ಅರ್ಧ ಗಂಟೆಯ ಮೇಲೆ ಆಸ್ಪತ್ರೆಯ ಬಾಗಿಲಲ್ಲಿ ಇನ್ನೊಂದು ರೋಬೋಟ್ ಬಟ್ಟೆಯ ಬಣ್ಣದಿಂದ, ನಡಿಗೆಯ ರೀತಿಯಿಂದ ಗುರುತು ಹಿಡಿದು ಜೋಡಿಸಿದರೆ, ಅದರಿಂದ ಯಾವ ಡಿಕ್ಕಿಯೂ ತಪ್ಪುವುದಿಲ್ಲ. ಅದು ಬೇಹುಗಾರಿಕೆ.

ಹೆಸರು, ಮುಖ ಏನನ್ನೂ ಇಟ್ಟುಕೊಳ್ಳುವುದಿಲ್ಲ, ಬರೀ ಒಂದು ಸಂಖ್ಯೆ ಎನ್ನುವವರಿದ್ದಾರೆ. 15 ಲಕ್ಷ ಮೊಬೈಲ್ ಬಳಕೆದಾರರ 15 ತಿಂಗಳ ಓಡಾಟವನ್ನು ಪರಿಶೀಲಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಯಾವ ಹೊತ್ತಿಗೆ ಎಲ್ಲಿದ್ದರು ಎಂಬ ನಾಲ್ಕೇ ವಿವರ ಸಿಕ್ಕರೆ ಶೇ 95ರಷ್ಟು ಮಂದಿಯ ಜಾಡನ್ನು ಉಳಿದವರದ್ದರಿಂದ ಬೇರ್ಪಡಿಸಬಹುದು. ಅದು ಮೊಬೈಲ್ ಟವರ್‌ಗಳ ಒರಟು ಅಳತೆ. ಲೇಸರ್ ಅಳೆಯುವುದು ಸೆಂಟಿಮೀಟರ್‌ಗಳಲ್ಲಿ. ಕಳೆದುಹೋದ ಮಗುವನ್ನು ಹುಡುಕಲು ನೆರವಾಗುತ್ತದಲ್ಲ ಎಂಬ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. ದೂರು ಬಂದ ಮೇಲೆ ಮಗುವಿನ ಚಹರೆಯನ್ನು ಎಲ್ಲ ಯಂತ್ರಗಳಿಗೂ ಕಳಿಸಿ ಹುಡುಕಲಿ. ಹಳೆಯ ಜಾಡು ಇಲ್ಲದೆ ಕೆಲವೊಮ್ಮೆ ತಡವಾದೀತು, ಒಪ್ಪುತ್ತೇನೆ. ಆದರೂ ಊರಿನವರೆಲ್ಲರ ಹೆಜ್ಜೆಗಳನ್ನು ಮೊದಲೇ ಕೂಡಿಡುವುದಕ್ಕೆ ಅದು ಸಮರ್ಥನೆಯಾಗದು.

ಸಾರ್ವಜನಿಕ ಜಾಗದಲ್ಲಿ ಪೊಲೀಸರು ಮುಖದಂಥ ದೇಹಲಕ್ಷಣಗಳಿಂದ ಜನರನ್ನು ಆ ಕ್ಷಣದಲ್ಲೇ ಗುರುತಿಸುವುದನ್ನು ಐರೋಪ್ಯ ಒಕ್ಕೂಟ ಕೆಲವು ವಿನಾಯಿತಿಗಳೊಂದಿಗೆ 2025ರ ಫೆಬ್ರುವರಿಯಿಂದ ನಿಷೇಧಿಸಿದೆ. ಅಂಗಿಯ ಬಣ್ಣ ದೇಹಲಕ್ಷಣವಲ್ಲ. ಅದನ್ನು ಹಿಡಿದು ಹೊರಟ ಜಾಡು ಆ ಬಲೆಯಿಂದ ನುಣುಚಿಕೊಳ್ಳಬಹುದು. ನಮ್ಮಲ್ಲಿ ಖಾಸಗಿತನ ಮೂಲಭೂತ ಹಕ್ಕೆಂದು 2017ರಲ್ಲಿ ಸುಪ್ರೀಂ ಕೋರ್ಟ್‌ ಸಾರಿದ್ದು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಅರ್ಜಿಯಿಂದ. ಆದರೆ 2023ರ ದತ್ತಾಂಶ ಸಂರಕ್ಷಣಾ ಕಾಯ್ದೆ ಸರ್ಕಾರಕ್ಕೆ ತನ್ನ ಸಂಸ್ಥೆಗಳನ್ನೇ ಅದರ ವ್ಯಾಪ್ತಿಯಿಂದ ಹೊರಗಿಡುವ ಅಧಿಕಾರ ಕೊಟ್ಟಿದೆ. ಹಾಗಾಗಿ ನಿಲ್ದಾಣಕ್ಕೋ ಮಾರುಕಟ್ಟೆಗೋ ಇಂಥ ಯಂತ್ರ ತರಿಸುವ ಟೆಂಡರಿನಲ್ಲೇ ಷರತ್ತು ಇರಬೇಕು: ಜಾಡು ಒಂದು ನಿಮಿಷದೊಳಗೆ ಅಳಿಯಬೇಕು, ಯಂತ್ರಗಳ ನಡುವೆ ಗುರುತು ಕೈದಾಟಬಾರದು, ಇದನ್ನು ಹೊರಗಿನ ತಜ್ಞರು ಪರೀಕ್ಷಿಸಿ ವರದಿಯನ್ನು ಜನರ ಮುಂದಿಡಬೇಕು.