ಕೆಂಪು ಕಾರು, ಕರಿಯ ಹೊಗೆ

ಮಂಗಳೂರಿನಿಂದ ಹಳೇಬೀಡಿಗೆ ಹಳೆಯ ಮೋಟಾರುಗಳ ರ‍್ಯಾಲಿಯೊಂದು ಹೊರಟಿದೆಯೆನ್ನಿ. ಅದರಲ್ಲಿ ಎಲ್ಲರ ಕಣ್ಣು ಸೆಳೆಯುವುದು 1965ರ ಒಂದು ಕೆಂಪು ಎಂ.ಜಿ.ಬಿ. ಇಂಗ್ಲೆಂಡಿನ ಆಬಿಂಗ್ಡನ್ನಿನಲ್ಲಿ 1962ರಿಂದ 1980ರವರೆಗೆ ತಯಾರಾದ ಈ ಸ್ಪೋರ್ಟ್ಸ್ ಕಾರಿನಲ್ಲಿ ಇಬ್ಬರು ಕೂಡಬಹುದು. ಮೂರನೆಯವರು ಬಸ್ಸು ಹಿಡಿಯಬೇಕು. ಬಂಟ್ವಾಳ ದಾಟುವವರೆಗೆ ಅದರ ಗತ್ತೇ ಗತ್ತು. ಶಿರಾಡಿ ಘಾಟಿಯಲ್ಲಿ ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡಾಗ ಮಾತ್ರ ಬಣ್ಣದ ಕೆಳಗಿನ ವಯಸ್ಸು ಹೊರಬೀಳುತ್ತದೆ.

ಈ ಕಾರಿನ ಫ್ಯಾನು ಎಂಜಿನ್ನಿನ ಬೆಲ್ಟಿನಿಂದಲೇ ತಿರುಗತಕ್ಕದ್ದು. ಎಂಜಿನ್ನು ನಿಧಾನವಾದರೆ ಅದೂ ನಿಧಾನ. ಗಾಳಿ ಬೇಕಾದ ಹೊತ್ತಿನಲ್ಲೇ ಗಾಳಿಯಿಲ್ಲ. ಸಾಲದುದಕ್ಕೆ ಜೋಡಿ ಕಾರ್ಬ್ಯುರೇಟರುಗಳ ಅಡಿಯಲ್ಲಿಯೇ ಕಾದು ಕೆಂಡವಾದ ಹೊಗೆಕೊಳವೆ. ಪೆಟ್ರೋಲು ತನ್ನ ಪಾತ್ರೆಯಲ್ಲಿಯೇ ಕುದಿಯತೊಡಗಿ, ಕಾರು ತಿರುವಿನಲ್ಲಿ ನಿಂತುಬಿಡುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆತಿರುವುದರಿಂದ, ಅರವತ್ತು ವರ್ಷದ ಹಿಂದಿನ ರಬ್ಬರು ಕೊಳವೆಗಳು ಉಬ್ಬಿ ಬಿರುಕು ಬಿಡುವ ಭಯವೂ ಇದೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಹಳೆಯ ಕಾರುಗಳಿಗೆ ಈ ಪಾಡಿಲ್ಲ. ಅವು ನಿಂತಲ್ಲಿಯೇ ಗೌರವ ಪಡೆಯುತ್ತವೆ.

ಒಡೆಯನು ಕಾರನ್ನು ತಣಿಯಲು ಬಿಟ್ಟು, ಕಾರ್ಬ್ಯುರೇಟರಿನ ಜೆಟ್ಟಿನ ಕೆಳಗಿನ ನಟ್ಟನ್ನು ಎರಡು ಸುತ್ತು ತಿರುಗಿಸುತ್ತಾನೆ. ಪೆಟ್ರೋಲು ಧಾರಾಳವಾಗಿ ಹರಿಯುತ್ತದೆ. ತಡವರಿಸುತ್ತಿದ್ದ ಕಾರು ಗಕ್ಕನೆ ಎಳೆಯುತ್ತದೆ. ಇನ್ನು ಚಿಂತೆಯಿಲ್ಲವೆಂದು ಅವನ ಎಣಿಕೆ. ಆದರೆ ಉಸಿರಾಡುವವರ ಚಿಂತೆ ಆರಂಭವಾಗುವುದು ಅಲ್ಲಿಂದಲೇ. ಪೆಟ್ರೋಲಿಗೆ ತಕ್ಕಷ್ಟು ಗಾಳಿ ಸಿಗದಿದ್ದರೆ ಅದು ಅರೆಬರೆಯಾಗಿ ಉರಿದು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಕರಿಯ ಹೊಗೆ ಕಣ್ಣಿಗೆ ಕಾಣುತ್ತದೆ. ಈ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕಾರಿನ ತಳದಲ್ಲಿ ಹೊಗೆಕೊಳವೆ ತುಕ್ಕು ಹಿಡಿದು ತೂತಾಗಿದ್ದರೆ ಅದು ಒಳಗೇ ಬರುತ್ತದೆ. ಪಕ್ಕದಲ್ಲಿ ಕುಳಿತ ಮಡದಿಗೆ ತಲೆನೋವು, ಓಕರಿಕೆ. ಘಾಟಿಯ ತಿರುವುಗಳನ್ನು ಬೈದು, ನಿಂಬೆಹಣ್ಣು ಮೂಸಿಸಿ ಮುಂದೆ ಹೋಗುವವರೇ ಹೆಚ್ಚು. ಹಳೆಯ ಕಾರಿನಲ್ಲಿ ತಲೆನೋವು ಬಂದರೆ ಮೊದಲು ಕಾರನ್ನು ನಿಲ್ಲಿಸಿ ಎಲ್ಲರೂ ಕೆಳಗಿಳಿಯಬೇಕು. ನಿಂಬೆಹಣ್ಣು ಆಮೇಲೆ.

ಹೊಗೆಯ ಬಣ್ಣ ನೋಡಿ ರೋಗ ಹೇಳುವ ಮೇಸ್ತ್ರಿಗಳು ಇಂದಿಗೂ ಇದ್ದಾರೆ. ಕರಿದಾದರೆ ಪೆಟ್ರೋಲು ಹೆಚ್ಚು. ನೀಲಿಯಾದರೆ ಎಣ್ಣೆ ಸುಡುತ್ತಿದೆ: ವೇಗ ಹೆಚ್ಚಿಸಿದಾಗ ಬಂದರೆ ಪಿಸ್ಟನ್ ರಿಂಗುಗಳು ಸವೆದಿರಬಹುದು, ಇಳಿಜಾರಿನಲ್ಲಿ ಕಾಲು ತೆಗೆದು ಮತ್ತೆ ಒತ್ತಿದಾಗ ಬಂದರೆ ವಾಲ್ವ್ ಗೈಡುಗಳು. ಎಂಜಿನ್ನು ಕಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರಿನ ನೀರು ಸಿಲಿಂಡರಿನೊಳಗೆ ಹೊಕ್ಕಿದೆ. ಇನ್ನೊಂದು ರೋಗ ಸದ್ದಿಲ್ಲದೆ ಬೆಳೆಯುತ್ತದೆ. 2000ನೆಯ ಇಸವಿಯಲ್ಲಿ ಭಾರತದ ಪೆಟ್ರೋಲಿನಿಂದ ಸೀಸವು ಸಂಪೂರ್ಣವಾಗಿ ಹೋಯಿತು; ಮಕ್ಕಳ ಮೆದುಳಿಗೆ ಅದು ಒಳ್ಳೆಯದೇ ಆಯಿತು. ಆದರೆ ಆ ಸೀಸದ ಲೇಪವನ್ನೇ ನಂಬಿದ್ದ ಹಳೆಯ ವಾಲ್ವುಗಳ ಆಸನಗಳು ಸವೆಯತೊಡಗಿದವು. ವಾಲ್ವು ಸರಿಯಾಗಿ ಮುಚ್ಚದಿದ್ದರೆ ಶಕ್ತಿ ಕುಗ್ಗುತ್ತದೆ, ಉರಿಯದ ಪೆಟ್ರೋಲು ಹೊರಗೆ ಹೋಗುತ್ತದೆ. ಎಂಜಿನ್ನು ಬಿಚ್ಚಿದಾಗ ಗಟ್ಟಿ ಲೋಹದ ಆಸನ ಕೂಡಿಸುವುದೇ ಇದಕ್ಕೆ ಮದ್ದು.

ಕಾನೂನು ಇಂಥ ಮುದುಕರ ಮೇಲೆ ಕಠಿಣವಾಗಿಲ್ಲ. ಭಾರತ್ ಸ್ಟೇಜ್ 2ರ ಕಾರು ನಿಂತಲ್ಲಿ ಓಡುವಾಗ ಅದರ ಹೊಗೆಯಲ್ಲಿ ಶೇಕಡಾ 0.5ಕ್ಕಿಂತ ಹೆಚ್ಚು ಕಾರ್ಬನ್ ಮಾನಾಕ್ಸೈಡ್ ಇರಕೂಡದು. ಅದಕ್ಕೂ ಹಿಂದಿನ ಕಾರುಗಳಿಗೆ ಶೇಕಡಾ 3ರವರೆಗೆ ಅವಕಾಶವಿದೆ. 2021ರ ನಿಯಮದಂತೆ ಐವತ್ತು ವರ್ಷ ಮೀರಿದ, ಮೂಲರೂಪ ಕೆಡದ ವಾಹನಗಳಿಗೆ "ವಿ.ಎ." ಅಕ್ಷರಗಳ ಪ್ರತ್ಯೇಕ ನೋಂದಣಿಯೂ ಉಂಟು, ಪ್ರದರ್ಶನ, ರ‍್ಯಾಲಿಗಳಿಗೆ ಹೋಗಬಹುದು, ದಿನನಿತ್ಯದ ಓಡಾಟಕ್ಕಿಲ್ಲ. ಆರು ಪಟ್ಟು ರಿಯಾಯಿತಿ ಸಿಕ್ಕಿಯೂ ಪರೀಕ್ಷೆಯಲ್ಲಿ ಸೋಲುವ ಕಾರು ಹಳೆಯದಾದುದರಿಂದ ಸೋಲುವುದಲ್ಲ, ಆರೈಕೆ ಕಾಣದುದರಿಂದ.

ಆರೈಕೆಗೂ ಒಂದು ಕ್ರಮವಿದೆ. ಮೊದಲು ವಾಲ್ವುಗಳ ಅಂತರ, ಬಳಿಕ ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳ 0.015 ಅಂಗುಲದ ಅಂತರ, ಕಿಡಿಯ ಸಮಯ, ಪ್ಲಗ್ಗು, ಗಾಳಿ ಸೋರುವ ಸಂದುಗಳು. ಇವೆಲ್ಲ ಸರಿಯಾದ ಮೇಲೆಯೇ ಕಾರ್ಬ್ಯುರೇಟರನ್ನು ಮುಟ್ಟತಕ್ಕದ್ದು. ಮುಟ್ಟಿದಾಗ ಅದರ ತಲೆಯೊಳಗೆ ಎಣ್ಣೆ ಇದೆಯೇ ಎಂದು ನೋಡುವುದನ್ನು ಮರೆಯಬಾರದು. ಸಾಮಾನ್ಯವಾಗಿ ನಡೆಯುವುದು ತಿರುಗುಮುರುಗು: ಕೈಗೆ ಮೊದಲು ಸಿಗುವುದು ಆ ನಟ್ಟು.

ಸಕಲೇಶಪುರ, ಬೇಲೂರು ಕಳೆದು ಇನ್ನು 16 ಕಿಲೋಮೀಟರು. ಹೊಯ್ಸಳೇಶ್ವರ ದೇವಾಲಯದ ಮುಂದಿನ ಬೀದಿಯಲ್ಲಿ ಕಾರು ನಿಂತಿತು. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಗುಡಿಯನ್ನು ಬಿಟ್ಟು ಶಾಲೆಯ ಮಕ್ಕಳೆಲ್ಲ ಕಾರಿನ ಸುತ್ತ ನೆರೆದರು. ಫೋಟೋ ಮುಗಿಯುವವರೆಗೂ ಎಂಜಿನ್ನು ಗುರುಗುಡುತ್ತಲೇ ಇತ್ತು. ಪರೀಕ್ಷೆಯವರು ಹೊಗೆ ಅಳೆಯುವುದೂ ಎಂಜಿನ್ನು ಹೀಗೆ ನಿಂತಲ್ಲಿಯೇ ಓಡುವಾಗಲೇ. ಮೂಗು ಮುಚ್ಚಿಕೊಂಡ ಹುಡುಗಿಯೊಬ್ಬಳನ್ನು ಕಂಡು ಒಡೆಯನು ಕೀಲಿ ತಿರುಗಿಸಿದನು. ಎಂಜಿನ್ನು ನಿಲ್ಲಲಿಲ್ಲ. ಸಿಲಿಂಡರಿನೊಳಗೆ ಕಟ್ಟಿದ ಮಸಿ ಕೆಂಡದಂತೆ ಹೊಳೆಯುತ್ತ, ಕಿಡಿಯಿಲ್ಲದೆಯೇ ಪೆಟ್ರೋಲನ್ನು ಹೊತ್ತಿಸುತ್ತಿತ್ತು. ಕಾರು ನಾಲ್ಕಾರು ಬಾರಿ ಕೆಮ್ಮಿ, ಒಮ್ಮೆ ಜೋರಾಗಿ ಸೀನಿ ಸುಮ್ಮನಾಯಿತು. ಮಕ್ಕಳು ಕೈತಟ್ಟಿ ನಕ್ಕರು. ನಗುತ್ತಿದ್ದವರ ನಡುವೆ ಒಡೆಯನು ಬಾನೆಟ್ಟು ಎತ್ತಿ, ಆ ನಟ್ಟನ್ನು ಎರಡು ಸುತ್ತು ಹಿಂದಕ್ಕೆ ತಿರುಗಿಸಿದನು.