ಗಾಜಿನ ತೊಟ್ಟಿಯ ನೀರು

ಶತಪಥಬ್ರಾಹ್ಮಣದಲ್ಲಿ ಬರುವ ಮನುವಿನ ಕಥೆಯನ್ನು ವಾಚಕರು ಬಲ್ಲರು. ಕೈತೊಳೆಯುವ ನೀರಿನಲ್ಲಿ ಬಂದ ಪುಟ್ಟ ಮೀನೊಂದು ತನ್ನನ್ನು ಕಾಪಾಡೆಂದು ಬೇಡಲು, ಅವನು ಅದನ್ನು ಮೊದಲು ಮಡಕೆಯಲ್ಲಿಯೂ, ಬೆಳೆದಂತೆ ಹೊಂಡದಲ್ಲಿಯೂ, ಕಡೆಗೆ ಸಮುದ್ರದಲ್ಲಿಯೂ ಇರಿಸಿ ಸಲಹಿದನು. ನಮ್ಮ ಮನೆಗೆ ಬಂದ ಮೀನುಗಳ ಭಾಗ್ಯವು ಅಷ್ಟು ದೊಡ್ಡದಾಗಿರಲಿಲ್ಲ.

ಕಳೆದ ವರ್ಷ ಬಸವ ಜಯಂತಿಯ ಹೊತ್ತಿಗೆ ಮೊಮ್ಮಗನು ಗಾಜಿನ ತೊಟ್ಟಿಯೊಂದರಲ್ಲಿ ನಮ್ಮ ಕೊಳವೆ ಬಾವಿಯ ನೀರು ತುಂಬಿ, ಆರು ಗಪ್ಪಿ ಮೀನುಗಳನ್ನು ಸಾಕಿದನು. ಅವು ಸುಖವಾಗಿಯೇ ಇದ್ದುವು. ನಾಗರ ಪಂಚಮಿಗೆ ಮನೆಯನ್ನು ತೊಳೆಯುವಾಗ ತೊಟ್ಟಿಯ ಪಾಚಿಯು ನಮ್ಮ ಕಣ್ಣಿಗೆ ಬಿತ್ತು. ಶುಚಿತ್ವವೇ ಆರೋಗ್ಯವೆಂದು ಆಯುಷ್ಯವೆಲ್ಲ ಹುಡುಗರಿಗೆ ಬೋಧಿಸಿದ ನಾವು, ಅವನು ಶಾಲೆಗೆ ಹೋಗಿದ್ದಾಗ ಹಳೆಯ ನೀರನ್ನೆಲ್ಲ ಚೆಲ್ಲಿ, ಉಸುಕನ್ನು ಕುದಿನೀರಿನಲ್ಲಿ ತೊಳೆದು, ಸೋಸುವ ಸ್ಪಂಜನ್ನು ನಲ್ಲಿಯ ಕೆಳಗೆ ಉಜ್ಜಿ, ಕುಡಿಯುವುದಕ್ಕೆಂದು ಶುದ್ಧೀಕರಣ ಘಟಕದಿಂದ ತಂದ ನೀರನ್ನು ತುಂಬಿದೆವು. ತೊಟ್ಟಿಯು ಸ್ಫಟಿಕದಂತೆ ಹೊಳೆಯಿತು. ಮರುದಿನ ಬೆಳಗ್ಗೆ ಎರಡು ಮೀನುಗಳು ಸತ್ತು ತೇಲುತ್ತಿದ್ದುವು. ನಾಲ್ಕನೆಯ ದಿನಕ್ಕೆ ಒಂದೂ ಉಳಿಯಲಿಲ್ಲ.

"ಅಜ್ಜಾ, ಚೊಲೋ ನೀರು ಹಾಕಿದ್ರೂ ಯಾಕ ಸತ್ತವು?" ಎಂದು ಹುಡುಗನು ಕೇಳಿದನು. ನಮ್ಮಲ್ಲಿ ಉತ್ತರವಿರಲಿಲ್ಲ. ಅನಂತರ ಓದಿ ತಿಳಿದುದನ್ನು ಇಲ್ಲಿ ನಿವೇದಿಸುತ್ತೇವೆ.

ಮೀನು ತನ್ನ ಕಿವಿರುಗಳ ಮೂಲಕ ಅಮೋನಿಯವನ್ನು ವಿಸರ್ಜಿಸುತ್ತದೆ. ತಿಂದುಳಿದ ಆಹಾರವು ಕೊಳೆತಾಗಲೂ ಅದು ಹುಟ್ಟುತ್ತದೆ. ಮೀನಿಗೆ ಅದು ವಿಷ. ಉಸುಕಿಗೂ ಸ್ಪಂಜಿಗೂ ಅಂಟಿಕೊಂಡು ಬಾಳುವ ಬ್ಯಾಕ್ಟೀರಿಯಗಳು ಅದನ್ನು ಮೊದಲು ನೈಟ್ರೈಟ್ ಆಗಿ ಮಾರ್ಪಡಿಸುತ್ತವೆ. ಇದೂ ವಿಷವೇ. ಬೇರೊಂದು ಬಗೆಯವು ಅದನ್ನು ಬಹುಮಟ್ಟಿಗೆ ನಿರಪಾಯವಾದ ನೈಟ್ರೇಟ್ ಆಗಿ ಮಾಡುತ್ತವೆ. ಹೊಲದ ಮಣ್ಣಿನಲ್ಲಿಯೂ ಇದೇ ಕಾರ್ಯವು ನಡೆಯುತ್ತಿದ್ದು, ರಷ್ಯದ ವಿಜ್ಞಾನಿ ವಿನೊಗ್ರಾಡ್‌ಸ್ಕಿಯು 1890ರಲ್ಲಿ ಇಂಥ ಜೀವಿಗಳನ್ನು ಬೇರ್ಪಡಿಸಿ ತೋರಿಸಿದನು. ಹೊಸ ತೊಟ್ಟಿಯಲ್ಲಿ ಇವು ನೆಲಸಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳು ಬೇಕು. ಕೊಳೆಯನ್ನು ತೊಳೆಯುತ್ತೇವೆಂದು ಭ್ರಮಿಸಿ ನಾವು ಕೊಂದದ್ದು ಇವುಗಳನ್ನೇ.

ಎರಡನೆಯ ತಪ್ಪು ನೀರಿನ ಆಯ್ಕೆಯಲ್ಲಾಯಿತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಬಾವಿನೀರು ಬಹಳ ಕಡೆ ಗಡಸು. ಬೇಳೆ ಬೇಗ ಬೇಯದು, ಸಾಬೂನು ನೊರೆಗೊಡದು, ಹಂಡೆಯ ಒಳಮೈಗೆ ಬಿಳಿಯ ಪೊರೆ ಕಟ್ಟುವುದು. ಎರೆಭೂಮಿಯ ಅಡಿಯ ಕರಿಕಲ್ಲಿನಿಂದಲೂ, ತಾಳಿಕೋಟೆಯ ಕಡೆಯ ಸುಣ್ಣಕಲ್ಲಿನಿಂದಲೂ ಕರಗಿ ಬಂದ ಲವಣಗಳೇ ಇದಕ್ಕೆ ಕಾರಣ. ಅಡುಗೆಗೆ ತೊಡಕಾದ ಇವುಗಳಲ್ಲಿ ಬೈಕಾರ್ಬೊನೇಟ್ ಎಂಬುದು ತೊಟ್ಟಿಯಲ್ಲಿ ಕಾವಲುಗಾರನಂತಿದ್ದು, ಪಿಎಚ್ ಎಂಬ ಆಮ್ಲ-ಕ್ಷಾರಗಳ ಅಳತೆಯನ್ನು ಥಟ್ಟನೆ ಏರಿಳಿಯಗೊಡದು. ಘಟಕದ ನೀರಿನಲ್ಲಿ ಲವಣಗಳ ಬಹುಭಾಗವನ್ನು ತೆಗೆದಿರುತ್ತಾರೆ. ನಮಗೆ ಹಿತವಾದ ಆ ನೀರು, ಗಡಸು ನೀರಿಗೆ ಒಗ್ಗಿದ ಗಪ್ಪಿಗಳಿಗೆ ಒಮ್ಮೆಲೇ ಎದುರಾಗಿ ಆಘಾತವಾಯಿತು.

ಗಡಸು ನೀರಿಗೂ ತನ್ನದೊಂದು ದೋಷವುಂಟು. ಅದು ಹೆಚ್ಚಾಗಿ ಕ್ಷಾರಗುಣದ್ದು. ಪಿಎಚ್ 7ರಿಂದ 8ಕ್ಕೇರಿದರೆ ಅಮೋನಿಯದ ವಿಷರೂಪದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ಆದುದರಿಂದ ನಮ್ಮ ಸೀಮೆಯಲ್ಲಿ ಆ ಬ್ಯಾಕ್ಟೀರಿಯಗಳನ್ನು ಕಾಪಾಡುವುದು ಮತ್ತಷ್ಟು ಅವಶ್ಯಕ.

ಗೃಹಸ್ಥರು ಮೀನಿಗೆ ತಕ್ಕ ನೀರನ್ನು ಅರಸುವುದಕ್ಕಿಂತ ಊರ ನೀರಿಗೆ ಒಗ್ಗುವ ಮೀನನ್ನು ಅರಸುವುದು ಲೇಸು. ಗಪ್ಪಿ, ಮೋಲಿಗಳು ಗಡಸು ನೀರಿಗೆ ಒಗ್ಗುತ್ತವೆ. ನಿಯಾನ್ ಟೆಟ್ರಾ ಮೆದುನೀರಿನದು. ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಮಾತ್ರ ಬದಲಿಸತಕ್ಕದ್ದು. ಸ್ಪಂಜನ್ನು ಹಾಗೆ ತೆಗೆದ ಹಳೆಯ ನೀರಿನಲ್ಲಿಯೇ ಮೆಲ್ಲನೆ ಹಿಂಡತಕ್ಕದ್ದು. ನಲ್ಲಿಯ ನೀರಾದರೆ, ಕ್ಲೋರಿನ್ ಹಾರಿಹೋಗುವಂತೆ ಅಗಲಬಾಯಿಯ ಪಾತ್ರೆಯಲ್ಲಿ ಒಂದು ಹಗಲು ಒಂದು ರಾತ್ರಿ ಇರಿಸತಕ್ಕದ್ದು. ಅಮೋನಿಯ, ನೈಟ್ರೈಟ್‌ಗಳನ್ನು ಅಳೆಯುವ ಪರೀಕ್ಷಾ ದ್ರಾವಣಗಳು ಮೀನಿನ ಸಾಮಾನು ಮಾರುವಲ್ಲಿ ದೊರೆಯುತ್ತವೆ; ಎರಡೂ ಸೊನ್ನೆ ತೋರದ ಹೊರತು ಹೊಸ ಮೀನನ್ನು ತರಕೂಡದು.

ತಪ್ಪು ನಮ್ಮದೆಂದು ಮೊಮ್ಮಗನಿಗೆ ಒಪ್ಪಿಸಿದೆವು. ಅವನು ಬಾವಿನೀರು ತುಂಬಿದ ಬರಿಯ ತೊಟ್ಟಿಗೆ ದಿನವೂ ಚಿಟಿಕೆ ಆಹಾರ ಹಾಕಿ ಅದನ್ನು ಪಳಗಿಸುತ್ತ, ಗೋಡೆಯ ಪಂಚಾಂಗದಲ್ಲಿ ಆರು ವಾರಗಳನ್ನು ಎಣಿಸಿದನು. ಈಗ ಅಲ್ಲಿ ನಾಲ್ಕು ಗಪ್ಪಿಗಳೂ ಅವುಗಳ ಮರಿಗಳೂ ಇವೆ. ಪಂಚಮಿಯು ಮತ್ತೆ ಸಮೀಪಿಸಿದೆ. "ಅಜ್ಜಾ, ಈ ಸಲ ನೀ ತೊಟ್ಟಿಗೆ ಕೈ ಹಚ್ಚಬ್ಯಾಡ" ಎಂದು ಅವನು ಮೊದಲೇ ಕಟ್ಟಪ್ಪಣೆ ಮಾಡಿದ್ದಾನೆ. ನಾವು ಒಪ್ಪಿಕೊಂಡಿದ್ದೇವೆ.