ಹೊಳೆಯ ದೂರು ಯಾವ ಕಚೇರಿಗೆ?

ಹರಿಹರದ ಸೇತುವೆಯ ಮೇಲೆ ನಿಂತು ನೋಡುವವರಿಗೆ ತುಂಗಭದ್ರೆಯ ಎರಡು ದಡಗಳೂ ಒಂದೇ ಊರಿನಂತೆ ಕಾಣುತ್ತವೆ. ಸರ್ಕಾರದ ಕಡತಗಳಲ್ಲಿ ಹಾಗಿಲ್ಲ. ಬಲದಂಡೆಯ ಹರಿಹರ ದಾವಣಗೆರೆ ಜಿಲ್ಲೆಗೆ ಸೇರಿದರೆ, ಎದುರು ದಡದ ಕುಮಾರಪಟ್ಟಣ ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನದು. 1997ರಲ್ಲಿ ಈ ಎರಡು ಜಿಲ್ಲೆಗಳು ಹುಟ್ಟುವ ಮೊದಲೂ ಹೊಳೆಯೇ ಗಡಿಯಾಗಿತ್ತು. ಆಗ ಒಂದು ದಡ ಚಿತ್ರದುರ್ಗಕ್ಕೆ, ಇನ್ನೊಂದು ಧಾರವಾಡಕ್ಕೆ. ನೀರಿಗೆ ಈ ಗಡಿಯ ಅರಿವಿಲ್ಲ, ಗಾಳಿಗೂ ಇಲ್ಲ. ದೂರಿನ ಅರ್ಜಿಗೆ ಮಾತ್ರ ಇದೆ. ಕಾರ್ಖಾನೆಯ ಸಮ್ಮತಿ ಪತ್ರದ ಕಡತ ಒಂದು ಜಿಲ್ಲೆಯ ಲೆಕ್ಕದಲ್ಲಿ, ಅದರ ವಾಸನೆಯನ್ನು ಉಸಿರಾಡುವ ಜನ ಇನ್ನೊಂದು ಜಿಲ್ಲೆಯ ಲೆಕ್ಕದಲ್ಲಿ.

ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಮತ್ತು ಅದರ ಸೋದರ ಸಂಸ್ಥೆಯಾದ ಗ್ರಾಸಿಂನ ನೂಲಿನೆಳೆ ಘಟಕ ತಲೆಯೆತ್ತಿದ್ದು 1970ರ ದಶಕದಲ್ಲಿ. ಮರವನ್ನು ಬೇಯಿಸಿ ತಿರುಳು ಮಾಡುವುದು, ಆ ತಿರುಳಿನಿಂದ ರೇಯಾನ್ ಎಳೆ ತೆಗೆಯುವುದು ಇಲ್ಲಿನ ಕೆಲಸ. ಎರಡೂ ಅಪಾರ ನೀರು ಬೇಡುವ ಕೆಲಸಗಳು. ಮರದ ಅಂಟು ಪದಾರ್ಥವಾದ ಲಿಗ್ನಿನ್ ನೀರಿಗೆ ಕಂದು ಬಣ್ಣ ಕೊಡುತ್ತದೆ. ಅದು ಸುಲಭವಾಗಿ ಕೊಳೆಯುವುದಿಲ್ಲ. ಎಳೆ ತೆಗೆಯುವಲ್ಲಿ ಗಂಧಕಾಮ್ಲ, ಸತುವಿನ ಲವಣ, ಕಾರ್ಬನ್ ಡೈಸಲ್ಫೈಡ್ ಬಳಕೆಯಾಗುತ್ತವೆ, ಕೊಳೆತ ಮೊಟ್ಟೆಯ ವಾಸನೆಯ ಜಲಜನಕ ಸಲ್ಫೈಡ್ ಹೊರಬೀಳುತ್ತದೆ. 1984ರ ಹೊತ್ತಿಗೆ ಕೆಳದಂಡೆಯ ಹಳ್ಳಿಗಳ ಜನ ಮೀನು ಸತ್ತು ತೇಲುವುದನ್ನು, ದನಕರುಗಳು ನೀರಿಗೆ ಮೂತಿಯಿಡದೆ ಹಿಂದಿರುಗುವುದನ್ನು, ಮಿಂದವರಿಗೆ ಮೈ ಕೆರೆಯುವುದನ್ನು ಎತ್ತಿ ಹೇಳತೊಡಗಿದ್ದರು. ಅದೇ ವರ್ಷ ಧಾರವಾಡದಲ್ಲಿ ರೂಪುಗೊಂಡ ಸಮಾಜ ಪರಿವರ್ತನ ಸಮುದಾಯ ಕೈಗೆತ್ತಿಕೊಂಡ ಮೊದಲ ಹೋರಾಟವೇ ತುಂಗಭದ್ರೆಯ ಮಾಲಿನ್ಯದ್ದು. ಬೆಸ್ತರು, ರೈತರು, ಎಸ್.ಆರ್. ಹಿರೇಮಠರಂಥ ಕಾರ್ಯಕರ್ತರು ಒಂದಾಗಿ ಕಾರ್ಖಾನೆಯ ಮುಂದೆ ನಿಂತರು. ಆಡಳಿತವರ್ಗ ಆರೋಪವನ್ನು ಒಪ್ಪಲಿಲ್ಲ.

ಒಪ್ಪದಿರುವುದು ಅಷ್ಟು ಸುಲಭವಾದದ್ದು ಏಕೆ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. 1974ರ ಜಲ ಮಾಲಿನ್ಯ ಕಾಯ್ದೆಯಂತೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯಿಲ್ಲದೆ ಯಾವ ಕಾರ್ಖಾನೆಯೂ ಹೊಳೆಗೆ ನೀರು ಬಿಡುವಂತಿಲ್ಲ. ಎಷ್ಟು ನೀರು, ಯಾವ ಕಿಂಡಿಯಿಂದ, ಯಾವ ಗುಣಮಟ್ಟದಲ್ಲಿ ಎಂಬುದೆಲ್ಲ ಸಮ್ಮತಿ ಪತ್ರದಲ್ಲಿ ಬರೆದಿರುತ್ತದೆ. ಹೊಳೆಗೆ ಬಿಡುವ ನೀರಿಗೆ ದೇಶದ ಸಾಮಾನ್ಯ ಮಾನದಂಡ ಹೀಗಿದೆ: ಜೈವಿಕ ಆಮ್ಲಜನಕ ಬೇಡಿಕೆ ಲೀಟರಿಗೆ 30 ಮಿಲಿಗ್ರಾಂ, ತೇಲುವ ಕಣಗಳು 100 ಮಿಲಿಗ್ರಾಂ ಮೀರಬಾರದು, ಆಮ್ಲ-ಕ್ಷಾರದ ಅಳತೆ 5.5ರಿಂದ 9ರ ಒಳಗಿರಬೇಕು. ಓದಲು ಕಟ್ಟುನಿಟ್ಟಾಗಿಯೇ ಇದೆ. ಆದರೆ ‘ಲೀಟರಿಗೆ ಇಷ್ಟು’ ಎಂಬ ಲೆಕ್ಕದಲ್ಲಿ ಒಂದು ಜಾಣತನಕ್ಕೆ ಎಡೆಯಿದೆ: ಒಳ್ಳೆಯ ನೀರು ಬೆರೆಸಿ ಬಿಟ್ಟರೆ ಲೀಟರಿನ ಲೆಕ್ಕ ಸರಿಹೋಗುತ್ತದೆ, ಹೊಳೆ ಸೇರುವ ಕೊಳೆಯ ಒಟ್ಟು ತೂಕ ಒಂದು ಗುಲಗಂಜಿಯಷ್ಟೂ ಇಳಿಯುವುದಿಲ್ಲ. ಇನ್ನು ಬೇಸಿಗೆಯ ಮಾತು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಹರಿಹರದಲ್ಲಿ ಹೊಳೆ, ಬಿಡದಿದ್ದರೆ ಮಡು. ಆಷಾಢದ ತುಂಬು ಪ್ರವಾಹ ನುಂಗಿಕೊಳ್ಳುವ ಕೊಳೆಯನ್ನು ಏಪ್ರಿಲ್ ತಿಂಗಳ ಮಡು ನುಂಗಿಕೊಳ್ಳಲಾರದು.

ಮೀನು ಸತ್ತ ದಿನ ಹಳ್ಳಿಯವರು ಮಾಡುವ ಮೊದಲ ಕೆಲಸ, ಬಾಟಲಿಯಲ್ಲಿ ಆ ನೀರು ತುಂಬಿ ತಾಲ್ಲೂಕು ಕಚೇರಿಯ ಮೇಜಿನ ಮೇಲೆ ಇಡುವುದು. ಅದಕ್ಕಿಂತ ಸಹಜವಾದ ಸಾಕ್ಷ್ಯ ಇನ್ನೊಂದಿಲ್ಲ. ಕಾಯ್ದೆಯ 21ನೆಯ ಕಲಮಿಗೆ ಮಾತ್ರ ಅದು ಸಾಕ್ಷ್ಯವಲ್ಲ. ಮಂಡಳಿಯ ಅಧಿಕಾರಿ ಕಾರ್ಖಾನೆಯವರಿಗೆ ಸ್ಥಳದಲ್ಲೇ ನೋಟಿಸು ಕೊಡಬೇಕು, ಅವರ ಎದುರಿನಲ್ಲೇ ಮಾದರಿಯನ್ನು ಎರಡು ಪಾಲು ಮಾಡಿ ಮೊಹರು ಹಾಕಬೇಕು, ಸಹಿ ಪಡೆಯಬೇಕು, ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಬೇಕು. ಈ ಕ್ರಮ ತಪ್ಪಿದರೆ ವರದಿ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ನಿರಪರಾಧಿಗೆ ಅನ್ಯಾಯವಾಗಬಾರದೆಂಬ ಉದ್ದೇಶ ಒಳ್ಳೆಯದೇ. ಆದರೆ ದೂರು ಮುಟ್ಟಿ, ಅಧಿಕಾರಿ ವಾಹನ ಹತ್ತಿ, ನೋಟಿಸು ಬರೆದು, ಕಿಂಡಿಯ ಬಳಿ ಬಂದು ನಿಲ್ಲುವಷ್ಟರಲ್ಲಿ ಹೊಳೆ ಎಷ್ಟು ಹರದಾರಿ ಮುಂದೆ ಹೋಗಿರುತ್ತದೆ? ಹರಿಯುವ ನೀರಿನ ಮೇಲಿನ ಅಪರಾಧಕ್ಕೆ ನಿಂತ ನೀರಿನ ಕಾನೂನು ಇದು.

ಮಲೆನಾಡಿನ ಓದುಗರಿಗೆ ಈ ಬಯಲುಸೀಮೆಯ ಕತೆ ಏಕೆ ಎನಿಸಬಹುದು. ಹರಿಹರದ ನೀರು ಗಂಗಾಮೂಲದಲ್ಲಿ ಹುಟ್ಟಿದ್ದು. ತುಂಗೆಯೂ ಭದ್ರೆಯೂ ಕೂಡಲಿಯಲ್ಲಿ ಸೇರುವ ತನಕ ಘಟ್ಟದ ಮಕ್ಕಳೇ. ಕುದುರೆಮುಖದ ಗಣಿಯ ಕೆಮ್ಮಣ್ಣು ಭದ್ರೆಗೆ ಇಳಿದ ಕಾಲವನ್ನು ಕಂಡವರು ಇನ್ನೂ ಇದ್ದಾರೆ. 2002ರ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ, 2005ರ ಕೊನೆಗೆ ಆ ಗಣಿ ನಿಂತಿತು. ಕುಮಾರಪಟ್ಟಣದ ತಿರುಳಿಗೆ ಬೇಕಾದ ಮರವನ್ನು ಒದಗಿಸಲೆಂದು 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಹುಟ್ಟಿತು. ಹಳ್ಳಿಗರ ಗೋಮಾಳ, ಬೆಟ್ಟ, ಸೊಪ್ಪಿನ ಜಾಗವೆನಿಸಿದ್ದ ಸುಮಾರು 30,000 ಹೆಕ್ಟೇರು ನೆಲವನ್ನು ಅದಕ್ಕೆ ನೀಲಗಿರಿ ಬೆಳೆಯಲು ಒಪ್ಪಿಸಲು ಸರ್ಕಾರ ಮುಂದಾಯಿತು. ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವರಲ್ಲಿ ಒಬ್ಬರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು, ಹಳ್ಳಿಗೆ ಉಪಯೋಗಕ್ಕೆ ಬರುವ ಸಸಿಗಳನ್ನು ನೆಟ್ಟರು. ಅದೇ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹ. 1991ರಲ್ಲಿ ಸರ್ಕಾರ ಕಂಪನಿಯನ್ನು ಮುಚ್ಚುವ ನಿರ್ಧಾರಕ್ಕೆ ಬಂದಿತು. ಕಿತ್ತ ಸಸಿಯನ್ನು ಎತ್ತಿ ತೋರಿಸಬಹುದಿತ್ತು, ಆದ್ದರಿಂದ ನೆಲದ ಹೋರಾಟ ಗೆದ್ದಿತು. ಹರಿದುಹೋದ ನೀರನ್ನು ತೋರಿಸಲಾಗದೆ ಹೊಳೆಯ ಹೋರಾಟ ದಶಕಗಟ್ಟಲೆ ಎಳೆಯಿತು.

ಹರಿಹರದಲ್ಲಿ ಕಣ್ಣು, ಮೂಗುಗಳಾದರೂ ಸಾಕ್ಷಿಗಿವೆ. ಕಾಳಿ ಕಣಿವೆಯ ಕೈಗಾದಲ್ಲಿ ಅದೂ ಇಲ್ಲ. ಅಲ್ಲಿನ ಅಣುಸ್ಥಾವರದ ಮೊದಲ ಎರಡು ಘಟಕಗಳು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆಗೆ ಇಳಿದವು. ಸ್ಥಾವರದ ನೀರು ಸೇರುವುದು ಕದ್ರಾ ಜಲಾಶಯವನ್ನು. ಭಾರಜಲ ಬಳಸುವ ಇಂಥ ಸ್ಥಾವರಗಳಲ್ಲಿ ಹುಟ್ಟುವ ಟ್ರಿಟಿಯಂ ನೀರಿನೊಳಗೆ ನೀರೇ ಆಗಿ ಬೆರೆತಿರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ, ಬಟ್ಟೆಯಲ್ಲಿ ಸೋಸಿದರೂ ಕುದಿಸಿದರೂ ಹೋಗುವುದಿಲ್ಲ. ಅದರ ಪ್ರಮಾಣ ಅರ್ಧಕ್ಕಿಳಿಯಲು ಹನ್ನೆರಡು ವರ್ಷಕ್ಕೂ ಮಿಕ್ಕ ಕಾಲ ಬೇಕು. 2009ರ ನವೆಂಬರಿನಲ್ಲಿ ಕೈಗಾದ ಒಳಗೇ, ನೌಕರರು ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂಯುಕ್ತ ಭಾರಜಲ ಸೇರಿತ್ತು. ಅದು ಹೊಳೆಗೆ ಬಿಟ್ಟ ನೀರಿನ ಪ್ರಕರಣವಲ್ಲ, ನಿಜ. ಆದರೂ ಅದು ಬಯಲಾದ ಬಗೆ ಗಮನಿಸತಕ್ಕದ್ದು: ಕುಡಿದವರ ನಾಲಿಗೆಗೆ ತಿಳಿಯಲಿಲ್ಲ, ಅವರ ಮೂತ್ರದ ವಾಡಿಕೆಯ ಪರೀಕ್ಷೆಯಿಂದ ತಿಳಿಯಿತು. ಕದ್ರಾ ದಂಡೆಯ ಬೆಸ್ತನಿಗೆ ಅಂಥ ವಾಡಿಕೆಯ ಪರೀಕ್ಷೆ ಎಲ್ಲಿದೆ?

ಕೈಗಾದಲ್ಲಿ ಮೇಲ್ವಿಚಾರಣೆಯೂ ಇಬ್ಭಾಗ. ನೀರಿನ ಬಿಸಿ, ಚರಂಡಿ, ಸಾಮಾನ್ಯ ರಾಸಾಯನಿಕಗಳು ರಾಜ್ಯ ಮಂಡಳಿಯ ಪಾಲು. ವಿಕಿರಣ ಅಣುಶಕ್ತಿ ನಿಯಂತ್ರಣ ಮಂಡಳಿಯ ಪಾಲು. ಸುತ್ತಲಿನ ನೀರು, ಮೀನು, ಹಾಲು, ಸೊಪ್ಪುಗಳನ್ನು ಅಳೆಯುವ ಪ್ರಯೋಗಾಲಯ ಭಾಭಾ ಅಣುಸಂಶೋಧನಾ ಕೇಂದ್ರದ್ದು. ಅಳೆಯುವವರೂ ಅಳೆಸಿಕೊಳ್ಳುವವರೂ ಅಣುಶಕ್ತಿ ಇಲಾಖೆ ಎಂಬ ಒಂದೇ ಮನೆಯವರು. ಅಲ್ಲಿನ ವಿಜ್ಞಾನಿಗಳ ಪ್ರಾಮಾಣಿಕತೆಯನ್ನು ಶಂಕಿಸಬೇಕಾಗಿಲ್ಲ. ಆದರೆ ನಿಯಂತ್ರಣ ಮಂಡಳಿಗೆ ತಕ್ಕ ಸ್ವಾಯತ್ತತೆಯಿಲ್ಲವೆಂದು 2012ರಲ್ಲಿ ಭಾರತದ ಮಹಾಲೇಖಪಾಲರೇ ಆಕ್ಷೇಪಿಸಿದ್ದರು. ಅದನ್ನು ಹೋರಾಟಗಾರರ ಗೊಣಗಾಟವೆಂದು ತಳ್ಳಿಹಾಕುವಂತಿಲ್ಲ.

ಹೊರದೇಶಗಳ ವ್ಯವಸ್ಥೆಯೆಲ್ಲ ಮಾದರಿಯೆಂದು ನಂಬುವುದೂ ಬೇಡ. ಅಮೆರಿಕದ ಮಿನೆಸೋಟಾ ರಾಜ್ಯದ ಮಾಂಟಿಸೆಲ್ಲೋ ಅಣುಸ್ಥಾವರದಲ್ಲಿ 2022ರ ನವೆಂಬರಿನಲ್ಲಿ ಸುಮಾರು 15 ಲಕ್ಷ ಲೀಟರು ಟ್ರಿಟಿಯಂ ಬೆರೆತ ನೀರು ಸೋರಿತ್ತು. ಕಂಪನಿ ಸರ್ಕಾರದ ಸಂಸ್ಥೆಗಳಿಗೆ ಕೂಡಲೇ ತಿಳಿಸಿತು. ಊರವರಿಗೆ ವಿಷಯ ಸಾರಿದ್ದು 2023ರ ಮಾರ್ಚಿಯಲ್ಲಿ. ಆದರೂ ಅಲ್ಲಿಂದ ಕಲಿಯತಕ್ಕ ಒಂದು ಅಂಶವಿದೆ. 1972ರ ಶುದ್ಧಜಲ ಕಾಯ್ದೆಯಂತೆ ಹೊಳೆಗೆ ನೀರು ಬಿಡಲು ಪರವಾನಗಿ ಪಡೆದ ಕಾರ್ಖಾನೆಗಳು, ಅಣುಸ್ಥಾವರಗಳೂ ಸೇರಿದಂತೆ, ತಾವು ಬಿಟ್ಟ ನೀರಿನ ಲೆಕ್ಕವನ್ನು ನಿಗದಿತ ಅವಧಿಗೊಮ್ಮೆ ಬರೆದು ಸಲ್ಲಿಸಲೇಬೇಕು. ಮಿತಿ ಮೀರಿದ್ದರೆ ಮೀರಿತೆಂದೇ ಬರೆಯಬೇಕು. ಸುಳ್ಳು ಬರೆದರೆ ಅದೇ ಅಪರಾಧ. ಆ ವರದಿಗಳನ್ನು ಯಾರು ಬೇಕಾದರೂ ಓದಬಹುದು. 1980ರ ದಶಕದಲ್ಲಿ ಅಲ್ಲಿನ ನಾಗರಿಕ ಸಂಘಟನೆಗಳು ಹಲವು ಮೊಕದ್ದಮೆಗಳನ್ನು ಗೆದ್ದದ್ದು ಕಾರ್ಖಾನೆಗಳದೇ ಕೈಬರಹದಿಂದ. (ವಿಕಿರಣದ ವಿಷಯ ಅಲ್ಲಿಯೂ ಈ ಕಾಯ್ದೆಯಿಂದ ಹೊರಗೇ ಉಳಿದಿದೆ.)

ಇಲ್ಲಿ ಬಾಗಿಲುಗಳೇ ಇಲ್ಲವೆಂದಲ್ಲ. ಸಮ್ಮತಿ ಪತ್ರದ ಷರತ್ತುಗಳ ದಾಖಲೆ ಪುಸ್ತಕವನ್ನು ಮಂಡಳಿ ಇಟ್ಟಿರಬೇಕು, ಆ ಕಿಂಡಿಯ ನೀರಿನಿಂದ ಬಾಧಿತರಾದವರಿಗೆ ಅದನ್ನು ತೆರೆದು ತೋರಿಸಬೇಕು ಎಂದು 25ನೆಯ ಕಲಮು ಹೇಳುತ್ತದೆ. 1988ರ ತಿದ್ದುಪಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಅರವತ್ತು ದಿನಗಳ ನೋಟಿಸು ಕೊಟ್ಟು ಯಾವ ವ್ಯಕ್ತಿಯಾದರೂ ನ್ಯಾಯಾಲಯದಲ್ಲಿ ದೂರು ಹೂಡಬಹುದು, ಕೇಳಿದರೆ ಮಂಡಳಿ ತನ್ನಲ್ಲಿರುವ ವರದಿಗಳನ್ನು ಕೊಡಬೇಕು. ತಿರುಳು, ಕಾಗದ ಮೊದಲಾದ 17 ಬಗೆಯ ಉದ್ಯಮಗಳು ಹೊರಬಿಡುವ ನೀರನ್ನು ಯಂತ್ರದ ಮೂಲಕ ಸತತವಾಗಿ ಅಳೆದು ಮಂಡಳಿಗೆ ರವಾನಿಸಬೇಕೆಂದು ಕೇಂದ್ರ ಮಂಡಳಿ 2014ರಲ್ಲಿ ನಿರ್ದೇಶಿಸಿತು. 2024ರಲ್ಲಿ ಗಾಳಿ ತಿರುಗಿತು. ಜಲ ಕಾಯ್ದೆಯ ಹಲವು ಅಪರಾಧಗಳಿಗೆ ಇದ್ದ ಸೆರೆವಾಸವನ್ನು ತೆಗೆದು 10,000 ರೂಪಾಯಿಯಿಂದ 15 ಲಕ್ಷದವರೆಗಿನ ದಂಡಕ್ಕೆ ಇಳಿಸುವ ತಿದ್ದುಪಡಿಯನ್ನು ಸಂಸತ್ತು ಅಂಗೀಕರಿಸಿತು. ಮೊದಲು ಅದು ಅನ್ವಯವಾದದ್ದು ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ. ಉಳಿದ ರಾಜ್ಯಗಳಿಗೆ ನಿರ್ಣಯದ ಮೂಲಕ ಅಳವಡಿಸಿಕೊಳ್ಳುವ ಅವಕಾಶವಿದೆ. ದೊಡ್ಡ ಉದ್ಯಮಕ್ಕೆ 15 ಲಕ್ಷ ರೂಪಾಯಿ ದಂಡವೇ ಅಲ್ಲ, ಖರ್ಚಿನ ಬಾಬತ್ತು.

ಕಾರ್ಖಾನೆಯೊಂದನ್ನೇ ದೂರಿ ಕೈತೊಳೆದುಕೊಳ್ಳುವುದೂ ನ್ಯಾಯವಲ್ಲ. 2018ರಲ್ಲಿ ಕೇಂದ್ರ ಮಂಡಳಿ ಗುರುತಿಸಿದ ದೇಶದ 351 ಮಲಿನ ನದೀಪಾತ್ರಗಳಲ್ಲಿ ಕರ್ನಾಟಕದವು 17; ಹರಿಹರದಿಂದ ಕೆಳಗಿನ ತುಂಗಭದ್ರೆಯೂ ಕಾಳಿಯೂ ಆ ಪಟ್ಟಿಯಲ್ಲಿದ್ದವು. ತುಂಗಭದ್ರೆಯ ಕೊಳೆಯಲ್ಲಿ ಊರುಗಳ ಚರಂಡಿಯ ಪಾಲು ಸಣ್ಣದಲ್ಲ. ದಾವಣಗೆರೆ ರಾಜನಹಳ್ಳಿಯಲ್ಲಿ ಇದೇ ಹೊಳೆಯ ನೀರನ್ನೆತ್ತಿ ಕುಡಿಯುತ್ತದೆ. ನಗರದ ಶುದ್ಧೀಕರಣ ಘಟಕಕ್ಕೂ ಸಮ್ಮತಿ ಪತ್ರ ಬೇಕು, ಅದಕ್ಕೂ ಷರತ್ತುಗಳಿವೆ. ಅವನ್ನು ಓದಿ ನೋಡಿದ ನಗರವಾಸಿಗಳು ಎಷ್ಟು ಮಂದಿ?

ದಾವಣಗೆರೆ, ಹರಿಹರ, ರಾಣೆಬೆನ್ನೂರುಗಳ ಕಾಲೇಜುಗಳಲ್ಲಿ ರಸಾಯನಶಾಸ್ತ್ರ ಓದುವ ವಿದ್ಯಾರ್ಥಿಗಳಿಗೆ ಇಲ್ಲಿ ಕೆಲಸವಿದೆ. ಅವರ ಪರೀಕ್ಷೆಯ ಫಲಿತಾಂಶ ನ್ಯಾಯಾಲಯದಲ್ಲಿ ನಿಲ್ಲದಿರಬಹುದು, ಅಧಿಕಾರಿಯನ್ನು ಕಿಂಡಿಯ ಬಳಿಗೆ ಎಳೆತರಲು ಅದು ಸಾಕು. ಕರಗಿದ ಆಮ್ಲಜನಕದ ಮಾದರಿಯನ್ನು ದಂಡೆಯಲ್ಲೇ ರಾಸಾಯನಿಕ ಹಾಕಿ ಸ್ಥಿರಗೊಳಿಸಬೇಕು. ಬಸ್ಸಿನಲ್ಲಿ ಹೊತ್ತು ತಂದು ಮರುದಿನ ಅಳೆದರೆ ಅಂಕಿ ಸುಳ್ಳಾಗುತ್ತದೆ. ಕಿಂಡಿಗಿಂತ ಮೇಲೆ ಒಂದು, ಕೆಳಗೆ ಒಂದು, ಹೀಗೆ ಎರಡು ಕಡೆ ಮಾದರಿ ತೆಗೆಯದಿದ್ದರೆ ಹೋಲಿಕೆಗೆ ಆಧಾರವೇ ಇರುವುದಿಲ್ಲ. ಹಳ್ಳಿಯವರು ದಿನ, ಹೊತ್ತು, ಗಾಳಿಯ ದಿಕ್ಕು, ನೀರಿನ ಬಣ್ಣ, ಸತ್ತ ಮೀನಿನ ಜಾತಿ, ಕಂಡವರ ಹೆಸರನ್ನು ಒಂದೇ ಪುಸ್ತಕದಲ್ಲಿ ಬರೆದಿಡುತ್ತ ಹೋದರೆ, ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಕೊಳೆನೀರು ಯಾವ ಹೊತ್ತಿನಲ್ಲಿ ಬರುತ್ತದೆಂಬುದು ತಾನಾಗಿ ತೋರಿಬರುತ್ತದೆ.

ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ, ಇಷ್ಟು ಸಾಲುತ್ತದೆ. ಈಗ ಜಾರಿಯಲ್ಲಿರುವ ಸಮ್ಮತಿ ಪತ್ರದ ಪ್ರತಿ, ಕಳೆದ ಮಾರ್ಚಿಯಿಂದ ಮೇ ತನಕ ಮಂಡಳಿ ತೆಗೆದ ಮಾದರಿಗಳ ವರದಿ, ಮಿತಿ ಮೀರಿದಾಗ ಕೊಟ್ಟ ನೋಟಿಸುಗಳ ಪ್ರತಿ, ಇವು ಮೂರನ್ನು ಕೇಳಬೇಕು. ಕುಮಾರಪಟ್ಟಣದ ವಿಷಯವಾದರೆ ಅರ್ಜಿ ಹೋಗಬೇಕಾದದ್ದು ಮಂಡಳಿಯ ಹಾವೇರಿ ಪ್ರಾದೇಶಿಕ ಕಚೇರಿಗೆ. ದೂರನ್ನಾದರೆ ಹಾವೇರಿಗೂ ದಾವಣಗೆರೆಗೂ ಒಂದೇ ದಿನ, ಸ್ಪೀಡ್ ಪೋಸ್ಟ್ ಮೂಲಕ ಕಳಿಸಿ, ಎರಡು ರಸೀದಿಗಳನ್ನೂ ಆ ಪುಸ್ತಕಕ್ಕೇ ಅಂಟಿಸಿಡುವುದು ಒಳ್ಳೆಯದು.